ವಲ್ನರಬಲ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀವಿ?

ಹೋದ ಸೆಮಿಸ್ಟರ್ ಪ್ಲೇಸ್‌ಮೆಂಟ್ ಟ್ರೇನಿಂಗ್ ಅಂತ ಮೂರು ದಿನ ನಮ್ಮನ್ನು ಸೆಮಿನಾರ್ ಹಾಲ್‌ನಲ್ಲಿ ಕೂರಿಸಿದ್ದರು. ಎರಡನೇ ದಿನ, ಮೆಸ್ಸಿನ ಊಟ ಮುಗಿದು ಕಣ್ಣು ಎಳೆಯುವ ಹೊತ್ತಿನಲ್ಲಿ, ತರಬೇತಿಗೆ ಬಂದಿದ್ದ ಮೇಡಂ ಒಂದು ಮಾತು ಹೇಳಿದರು: “ಟೀಮ್‌ನಲ್ಲಿ ಕೆಲಸ ಮಾಡಬೇಕು ಅಂದ್ರೆ ಮೊದಲು ವಲ್ನರಬಲ್ ಆಗೋದನ್ನ ಕಲೀರಿ.” ಹಿಂದಿನ ಸಾಲಿನಿಂದ ಯಾರೋ “ಹಂಗಂದ್ರೆ ಕನ್ನಡದಲ್ಲಿ ಏನು ಮೇಡಂ?” ಅಂದ. ಮೇಡಂ ಯೋಚಿಸುತ್ತಿರುವಾಗಲೇ ಇನ್ನೊಬ್ಬ ಫೋನಿನಲ್ಲಿ ಹುಡುಕಿ ಜೋರಾಗಿ ಓದಿದ: “ದುರ್ಬಲ.” ದುರ್ಬಲರಾಗೋದನ್ನ ಕಲೀರಿ! ಹಾಲ್‌ಗೆ ಹಾಲ್ ನಕ್ಕಿತು. ಮೇಡಂ ಕೂಡ ನಕ್ಕು ಮುಂದಿನ ಸ್ಲೈಡ್‌ಗೆ ಹೋದರು.

ಕನ್ನಡ ಸಂಘದವನು ಅನ್ನೋ ಕಾರಣಕ್ಕೆ ಸಂಜೆ ಎಲ್ಲರೂ ನನ್ನನ್ನೇ ಹಿಡಿದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಮಜಾ ಅಂದರೆ ಎರಡೇ ದಿನ ಬಿಟ್ಟು ನೆಟ್‌ವರ್ಕ್ ಸೆಕ್ಯುರಿಟಿ ಕ್ಲಾಸಿನಲ್ಲಿ ಅದೇ ಪದ ಮತ್ತೆ ಬಂತು. ಅಲ್ಲಿ ಸರ್ ಹೇಳಿದ್ದು ಪೂರ್ತಿ ಉಲ್ಟಾ: ವಲ್ನರಬಿಲಿಟಿ ಇದ್ದರೆ ಮುಚ್ಚಿ, ಪ್ಯಾಚ್ ಹಾಕಿ. ಒಬ್ಬರು ತೆರೆದಿಡಿ ಅಂತಾರೆ, ಇನ್ನೊಬ್ಬರು ಮುಚ್ಚಿ ಅಂತಾರೆ. ಅವತ್ತಿನಿಂದ ಈ ಪದ ತಲೆಯಲ್ಲಿ ಕೂತಿದೆ. ಈ ಪದದ ಜೊತೆ ನನ್ನದೊಂದು ಹಳೇ ಬಾಕಿಯೂ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಇಂಗ್ಲಿಷ್ ಪದದ ಬೇರು. ಲ್ಯಾಟಿನ್‌ನಲ್ಲಿ ‘ವುಲ್ನಸ್’ ಅಂದರೆ ಗಾಯ. ವಲ್ನರಬಲ್ ಅಂದರೆ ಗಾಯ ಆಗಬಲ್ಲದ್ದು, ಅಷ್ಟೇ. ಶಕ್ತಿ ಇದೆಯೋ ಇಲ್ಲವೋ ಅನ್ನೋದರ ಬಗ್ಗೆ ಆ ಪದ ಬಾಯೇ ಬಿಡಲ್ಲ. ನಮ್ಮ ‘ದುರ್ಬಲ’ಕ್ಕೆ ಮಾತ್ರ ಬಲದ್ದೇ ಲೆಕ್ಕ. ಬಲ ಕಮ್ಮಿ ಇರೋನು ದುರ್ಬಲ. ಎರಡೂ ಬೇರೆ ಬೇರೆ ಸಂಗತಿಗಳು, ಆದರೆ ಅನುವಾದದಲ್ಲಿ ಒಂದೇ ಆಗಿಹೋಗಿವೆ.

ಇದರಿಂದ ಆಗೋ ಎಡವಟ್ಟಿಗೆ ಸರ್ಕಾರಿ ಕಾಗದದಲ್ಲೇ ಉದಾಹರಣೆ ಇದೆ. ದೇಶದ 75 ಬುಡಕಟ್ಟುಗಳನ್ನು ಕೇಂದ್ರ ಸರ್ಕಾರ ಪಿವಿಟಿಜಿ ಅನ್ನೋ ಪಟ್ಟಿಯಲ್ಲಿಟ್ಟಿದೆ. ಅದರಲ್ಲಿರೋ ‘ವಿ’ ಇದೇ ವಲ್ನರಬಲ್. ಕರ್ನಾಟಕದಿಂದ ಜೇನು ಕುರುಬರು, ಕೊರಗರು ಆ ಪಟ್ಟಿಯಲ್ಲಿದ್ದಾರೆ. ಮೊದಲು ಆ ಜಾಗದಲ್ಲಿ ‘ಪ್ರಿಮಿಟಿವ್’ ಅನ್ನೋ ಅವಮಾನದ ಪದ ಇತ್ತು, 2006ರಲ್ಲಿ ಬದಲಾಯಿಸಿದರು. ಕನ್ನಡದ ಪ್ರಕಟಣೆಗಳಲ್ಲಿ ಅದು ‘ವಿಶೇಷವಾಗಿ ದುರ್ಬಲ ಬುಡಕಟ್ಟು ಗುಂಪುಗಳು’ ಅಂತ ಬರುತ್ತೆ. ಒಂದ್ಸಲ ಯೋಚಿಸಿ ನೋಡಿ. ಆಕಾಶದೆತ್ತರದ ಮರ ಹತ್ತಿ ಹೆಜ್ಜೇನು ಇಳಿಸೋ ಜನ ದುರ್ಬಲರಂತೆ. ಹಾಸ್ಟೆಲಿನ ಮೂರನೇ ಮಹಡಿಗೆ ಲಿಫ್ಟ್ ಕಾಯೋ ನಾವು ಅವರನ್ನ ಹಾಗೆ ಕರೀಬೇಕಂತೆ! ಅವರ ತೋಳಿನಲ್ಲಿ ಬಲ ಕಮ್ಮಿ ಇಲ್ಲ. ಅವರ ಬದುಕೆಲ್ಲ ಕಾಡು ಅನ್ನೋ ಒಂದು ಜಾಗದಲ್ಲಿ ನಿಂತಿದೆ, ಆ ಕಾಡಿಗೆ ಏಟು ಬಿದ್ದರೆ ಎಲ್ಲದಕ್ಕೂ ಏಟು ಬೀಳುತ್ತೆ. ಇಂಗ್ಲಿಷ್ ಪದ ಹೇಳೋಕೆ ಹೊರಟಿದ್ದು ಅದನ್ನ. ‘ದುರ್ಬಲ’ ಅಂದ ತಕ್ಷಣ ಏಟು ಹಾಕೋರು ಕಣ್ಮರೆ, ತಪ್ಪು ಏಟು ತಿನ್ನೋರ ಮೈಯಲ್ಲೇ ಇದ್ದ ಹಾಗಾಗುತ್ತೆ.

ಪತ್ರಿಕೆಗಳು ಕೆಲವು ಸಲ ‘ಸೂಕ್ಷ್ಮ’ ಬಳಸುತ್ತವೆ. ಚುನಾವಣೆ ಬಂದರೆ ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆ. ಪಶ್ಚಿಮ ಘಟ್ಟ ಅಂದರೆ ಪರಿಸರ ಸೂಕ್ಷ್ಮ ಪ್ರದೇಶ. ಪರವಾಗಿಲ್ಲ, ‘ದುರ್ಬಲ’ಕ್ಕಿಂತ ಎಷ್ಟೋ ಮೇಲು. ಆದರೆ ಸೂಕ್ಷ್ಮಕ್ಕೆ ಚಿಕ್ಕದು, ನವಿರು, ಚೂಟಿ ಬುದ್ಧಿ ಅಂತೆಲ್ಲ ನೂರು ಕೆಲಸ ಇವೆ.

ಸಾಫ್ಟ್‌ವೇರ್ ಸುದ್ದಿ ಬಂದಾಗ ‘ಭದ್ರತಾ ಲೋಪ’ ಅಂತ ಬರೀತಾರೆ. ಲೋಪ ಅಂದರೆ ಕಾವಲಿನವನು ನಿದ್ದೆ ಮಾಡಿದ ಹಾಗೆ, ಯಾರದ್ದೋ ತಪ್ಪು ಅಂತ ಮೊದಲೇ ತೀರ್ಪು ಕೊಟ್ಟುಬಿಡುತ್ತೆ. ದುಡ್ಡು ಹೋದಾಗ ‘ಬ್ಯಾಂಕ್ ಖಾತೆಗೆ ಕನ್ನ’. ಈ ‘ಕನ್ನ’ ನನಗೆ ಬಲು ಇಷ್ಟದ ಪದ. ಹಿಂದೆ ಕಳ್ಳರು ಮಣ್ಣಿನ ಗೋಡೆ ಕೊರೆದು ಒಳಗೆ ನುಗ್ಗೋಕೆ ಮಾಡ್ತಿದ್ದ ತೂತು ಅದು. ನಮ್ಮ ಸಿಲಬಸ್ಸಿನ ಭಾಷೆಯಲ್ಲಿ ಅದು ಎಕ್ಸ್‌ಪ್ಲಾಯ್ಟ್. ಕಳ್ಳ ಬರೋಕೆ ಮುಂಚೆಯೇ ಗೋಡೆಯಲ್ಲಿದ್ದ ಜಾಗಕ್ಕೆ ಏನನ್ನೋಣ? ಅದಕ್ಕೂ ನಮ್ಮ ಹತ್ತಿರ ಪದ ಇದೆ, ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿದೆ: ಕಿಂಡಿ. ಚಿತ್ರದುರ್ಗದ ಕೋಟೆ ಏಳು ಸುತ್ತಿನದ್ದು, ಹೈದರಾಲಿಯ ಸೈನ್ಯಕ್ಕೂ ಸುಲಭಕ್ಕೆ ಬಗ್ಗಿರಲಿಲ್ಲ. ದುರ್ಬಲ ಕೋಟೆ ಅಂತ ಯಾರಾದರೂ ಅಂದರೆ ದುರ್ಗದವರು ಸುಮ್ಮನೆ ಬಿಡ್ತಾರಾ? ಆದರೂ ಬಂಡೆಗಳ ನಡುವೆ ಒಬ್ಬ ಮನುಷ್ಯ ತೆವಳಿ ಬರೋವಷ್ಟು ಒಂದು ಕಿಂಡಿ ಇತ್ತು. ಕಾವಲಿನವನು ಊಟಕ್ಕೆ ಬಂದಿದ್ದ, ನೀರು ತರೋಕೆ ಹೋದ ಹೆಂಡತಿಗೆ ಸದ್ದು ಕೇಳಿಸಿತು, ಕೈಯಲ್ಲಿ ಒನಕೆ ಇತ್ತು. ಮುಂದಿನದ್ದು ನಿಮಗೆ ಗೊತ್ತು. ಕೋಟೆ ಗಟ್ಟಿ ಇರೋದಕ್ಕೂ ಅದರಲ್ಲಿ ಕಿಂಡಿ ಇರೋದಕ್ಕೂ ಸಂಬಂಧ ಇಲ್ಲ. ಲ್ಯಾಬ್ ರಿಪೋರ್ಟ್ ಕನ್ನಡದಲ್ಲಿ ಬರೆಯೋ ಕಾಲ ಬಂದರೆ ನಾನಂತೂ ಕಿಂಡಿ ಅಂತಲೇ ಬರೀತೀನಿ. ಗುಣವಾಚಕ ಬೇಕು ಅಂದರೆ ‘ಭೇದ್ಯ’ ಇದೆ. ‘ಅಭೇದ್ಯ ಕೋಟೆ’ಯ ಹಿಂದಿನ ‘ಅ’ ತೆಗೆದರೆ ಆಯಿತು.

ಮನುಷ್ಯನಿಗೆ ಮಾತ್ರ ಕಿಂಡಿ ಸಾಲಲ್ಲ, ಭೇದ್ಯವೂ ಸಾಲಲ್ಲ. ಮನುಷ್ಯನಿಗೆ ಇರೋ ಪದ ಮರ್ಮ.

ಮರ್ಮ ನಾವು ದಿನಾ ಬಳಸೋ ಪದವೇ, ಗಮನಿಸಿರಲ್ಲ ಅಷ್ಟೆ. “ಅವನು ಇಷ್ಟು ಬೇಗ ಒಪ್ಕೊಂಡ ಅಂದ್ರೆ ಏನೋ ಮರ್ಮ ಇದೆ” ಅಂದಾಗ ಅದರ ಅರ್ಥ ಗುಟ್ಟು. ಬೆಲೆ ಬಿದ್ದಾಗ ಪೇಪರಿನಲ್ಲಿ ‘ರೈತರಿಗೆ ಮರ್ಮಾಘಾತ’. ಭಾಷಣಕಾರರು ‘ಮಾರ್ಮಿಕವಾಗಿ ನುಡಿದರು’, ಅಂದರೆ ಮುಟ್ಟಬೇಕಾದ ಜಾಗಕ್ಕೆ ಮುಟ್ಟೋ ಹಾಗೆ ಹೇಳಿದರು. ಕ್ರೈಂ ಸುದ್ದಿಯಲ್ಲಿ ‘ಮರ್ಮಾಂಗ’ ಬರುತ್ತೆ, ಅದರಿಂದಾಗಿ ನಮ್ಮ ಹಾಸ್ಟೆಲಿನಲ್ಲಿ ಮರ್ಮ ಅಂದರೆ ಸಾಕು ಕಿಸಕ್ ಅಂತ ನಗೋರಿದ್ದಾರೆ. ನಗಲಿ. ಆ ನಗುವಿನಲ್ಲೂ ಪದದ ಅಸಲು ಅರ್ಥ ಉಳಿದಿದೆ: ಏಟು ಬೀಳಬಾರದ ಜಾಗ.

ಗುಟ್ಟು ಅನ್ನೋ ಅರ್ಥ ಬಂದದ್ದೂ ಅಲ್ಲಿಂದಲೇ ಅಂತ ನನಗೆ ಅನ್ನಿಸುತ್ತೆ. ಎಲ್ಲಿ ಏಟು ಬಿದ್ದರೆ ಪ್ರಾಣಕ್ಕೆ ಬರುತ್ತೋ ಆ ಜಾಗವನ್ನ ಯಾರೂ ಡಂಗುರ ಹೊಡೆದು ಹೇಳಲ್ಲವಲ್ಲ.

ಈ ಪದಕ್ಕೆ ಇಂಜಿನಿಯರಿಂಗ್ ಓದೋರು ಬೆರಗಾಗಬೇಕಾದ ಒಂದು ಇತಿಹಾಸ ಇದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದ 6ನೇ ಅಧ್ಯಾಯ ಪೂರ್ತಿ ಮರ್ಮಗಳದ್ದೇ. ಮೈಯಲ್ಲಿ 107 ಮರ್ಮ ಅಂತ ಅದು ಎಣಿಸುತ್ತೆ. ಮರ್ಮ ಅಂದರೆ ಯಾವುದು ಅನ್ನೋದಕ್ಕೆ ಅದು ಕೊಡೋ ವಿವರಣೆ ನೋಡಿ: ಮಾಂಸ, ಸಿರೆ, ಸ್ನಾಯು, ಮೂಳೆ, ಕೀಲು ಇವು ಬಂದು ಸೇರೋ ಜಾಗ, ಪ್ರಾಣ ವಿಶೇಷವಾಗಿ ನೆಲೆಸಿರೋದು ಅಲ್ಲಿ. ‘ಬಲ ಇಲ್ಲದ ಜಾಗ’ ಅನ್ನೋ ಮಾತೇ ಇಲ್ಲ. ಜೀವ ಹೆಚ್ಚಾಗಿರೋ ಜಾಗ ಅದು, ಆ ಕಾರಣಕ್ಕೇ ಏಟು ತಡೆಯಲ್ಲ.

ಆಮೇಲೆ ಅಷ್ಟೂ ಮರ್ಮಗಳನ್ನು ಏಟಿನ ಪರಿಣಾಮದ ಮೇಲೆ ಐದು ಗುಂಪು ಮಾಡುತ್ತೆ. ಕೂಡಲೇ, ಅಂದರೆ ಏಳು ದಿನದೊಳಗೆ, ಪ್ರಾಣ ತೆಗೆಯೋವು 19. ಹದಿನೈದು ದಿನ, ತಿಂಗಳು ಅಂತ ನಿಧಾನಕ್ಕೆ ಕೊಲ್ಲೋವು 33. ಪ್ರಾಣ ಉಳಿದರೂ ಅಂಗ ಊನ ಮಾಡೋವು 44. ಬರೀ ನೋವು ಕೊಡೋವು 8, ಅದರಲ್ಲಿ ನಮ್ಮ ಮಣಿಕಟ್ಟು, ಕಾಲಿನ ಹರಡು ಸೇರಿವೆ. ಸಿವಿಎಸ್‌ಎಸ್ ಓದಿದವರಿಗೆ ಇದು ಎಲ್ಲೋ ಕಂಡ ಹಾಗಿರಬೇಕು. ಸಾಫ್ಟ್‌ವೇರಿನ ಒಂದು ಕಿಂಡಿ ಎಷ್ಟು ಅಪಾಯದ್ದು ಅಂತ 0ಯಿಂದ 10ರವರೆಗೆ ಅಂಕ ಕೊಡೋ ಪದ್ಧತಿ ಅದು. 9ರ ಮೇಲೆ ಹೋದರೆ ಕ್ರಿಟಿಕಲ್. ಸುಶ್ರುತ ಸಂಹಿತೆಯ ಅಂಗರಚನೆಯ ಲೆಕ್ಕ ಇವತ್ತಿನ ವೈದ್ಯಕ್ಕೆ ಹಾಗ್ಹಾಗೇ ಹೊಂದಲ್ಲ, ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅಂತ ಫಾರ್ವರ್ಡ್ ಮಾಡೋಕೆ ನಾನು ಇದನ್ನ ಬರೀತಿಲ್ಲ. ಎಲ್ಲ ಗಾಯ ಒಂದೇ ಅಲ್ಲ, ಎಲ್ಲಿ ಬಿತ್ತು ಅನ್ನೋದು ಎಷ್ಟು ಜೋರಾಗಿ ಬಿತ್ತು ಅನ್ನೋದಕ್ಕಿಂತ ಮುಖ್ಯ ಅಂತ ಯೋಚಿಸಿದ ರೀತಿ ಇದೆಯಲ್ಲ, ಅದು ಹಿಡಿಸಿತು.

ಲೆಕ್ಕ ಹಾಕುತ್ತಿರೋರು ಕೇಳ್ತೀರಿ, 104 ಆಯಿತು, ಇನ್ನು 3 ಎಲ್ಲಿ ಅಂತ. ಅವು ‘ವಿಶಲ್ಯಘ್ನ’. ಶಲ್ಯ ಅಂದರೆ ಇಲ್ಲಿ ಹೆಗಲ ಮೇಲೆ ಹಾಕೋ ಶಲ್ಯ ಅಲ್ಲ, ಮೈಯಲ್ಲಿ ನಾಟಿಕೊಂಡ ಬಾಣ, ಮುಳ್ಳು ಇಂಥದ್ದು. ಈ ಮೂರು ಜಾಗದಲ್ಲಿ ಬಾಣ ನಾಟಿದರೆ, ಅದು ಒಳಗಿರೋವರೆಗೂ ಮನುಷ್ಯ ಬದುಕಿರ್ತಾನೆ, ಕಿತ್ತರೆ ಸಾಯ್ತಾನೆ. ತಾನಾಗಿ ಕೀವಾಗಿ ಬಿದ್ದರೆ ಉಳೀತಾನೆ. ಚುಚ್ಚಿಕೊಂಡ ಚಾಕುವನ್ನ ಆಸ್ಪತ್ರೆ ಮುಟ್ಟೋವರೆಗೆ ಕೀಳಬೇಡಿ ಅಂತ ಇವತ್ತಿನ ಫಸ್ಟ್ ಏಡ್ ಕ್ಲಾಸಿನಲ್ಲೂ ಹೇಳ್ತಾರೆ. ಈ ವಿಶಲ್ಯಘ್ನವನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಸಿವಿಲ್, ಮೆಕ್ಯಾನಿಕಲ್‌ನವರಿಗೆ ಬೇರೆ ಉದಾಹರಣೆ ಕೊಡ್ತೀನಿ. ಅಮೆರಿಕದ ಒಹಾಯೊ ನದಿ ಮೇಲೆ 1928ರಲ್ಲಿ ಕಟ್ಟಿದ ಸಿಲ್ವರ್ ಬ್ರಿಡ್ಜ್ ಅಂತ ಒಂದು ತೂಗುಸೇತುವೆ ಇತ್ತು. ಹಗ್ಗದ ಬದಲು ಉಕ್ಕಿನ ಪಟ್ಟಿಗಳನ್ನು ಪಿನ್ ಹಾಕಿ ಸರಪಳಿಯಂತೆ ಜೋಡಿಸಿದ್ದರು. ಉಕ್ಕು ಒಳ್ಳೇ ಗಟ್ಟಿಯದ್ದು, ಹಾಗಾಗಿ ಒಂದೊಂದು ಕೊಂಡಿಗೆ ಎರಡೇ ಪಟ್ಟಿ ಸಾಕು ಅಂತ ಲೆಕ್ಕ ಹಾಕಿದ್ದರು. 1967ರ ಡಿಸೆಂಬರ್ 15ರ ಸಂಜೆ, ವಾಹನ ತುಂಬಿರೋ ಹೊತ್ತಿನಲ್ಲಿ, ಒಂದೇ ಒಂದು ಪಟ್ಟಿ ಮುರಿಯಿತು. ಸೇತುವೆ ಪೂರ್ತಿ ನದಿಗೆ ಬಿತ್ತು, 46 ಜನ ಸತ್ತರು. ಶುರುವಾದದ್ದು ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕಿನಿಂದ, ಅದೂ ಪಿನ್ ಕೂರೋ ಕಣ್ಣಿನ ಹತ್ತಿರ, ಬಿಚ್ಚದೆ ನೋಡೋಕೂ ಆಗದ ಕಡೆ. ಗಟ್ಟಿ ಉಕ್ಕು ಅಂತ ಪಟ್ಟಿಗಳನ್ನ ಕಮ್ಮಿ ಮಾಡಿದರು. ಕಮ್ಮಿ ಮಾಡಿದ್ದರಿಂದ ಪ್ರತಿಯೊಂದು ಪಟ್ಟಿಯೂ ಮರ್ಮ ಆಯಿತು. ‘ದುರ್ಬಲ ಸೇತುವೆ’ ಅಂತ ಬರೆದರೆ ಈ ಕಥೆಯ ತಿರುಳೇ ಹೋಗುತ್ತೆ. ಏಟು ಬಿದ್ದ ಜಾಗವೂ ನೋಡಿ, ಕೀಲು. ಬಂದು ಸೇರೋ ಜಾಗ.

ವ್ಯಾಕರಣದಲ್ಲೂ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಕನ್ನಡದಲ್ಲಿ ಒಬ್ಬ ದುರ್ಬಲ ‘ಆಗಿರ್ತಾನೆ’. ಮರ್ಮ ಒಬ್ಬನಿಗೆ ‘ಇರುತ್ತೆ’. ಮೊದಲನೆಯದು ಪೂರ್ತಿ ಮನುಷ್ಯನ ಮೇಲೆ ಅಂಟಿಸೋ ಚೀಟಿ, ಎರಡನೆಯದು ಅವನಲ್ಲಿರೋ ಒಂದು ಜಾಗ. ದುರ್ಯೋಧನನನ್ನ ದುರ್ಬಲ ಅಂತ ಯಾರು ಅಂತಾರೆ? ಗದೆಯಲ್ಲಿ ಭೀಮನಿಗೆ ಸಮ, ಒಂದು ತೂಕ ಹೆಚ್ಚೇ. ಅವನಿಗೂ ತೊಡೆ ಅನ್ನೋ ಜಾಗ ಇತ್ತು. ಅದಕ್ಕಿಂತ ಮೊದಲು ಇನ್ನೊಂದು ಜಾಗ ಇತ್ತು ಅಂತ ನಮ್ಮ ಮುಧೋಳದ ರನ್ನನಿಗೆ ಗೊತ್ತಿತ್ತು. ‘ಗದಾಯುದ್ಧ’ದಲ್ಲಿ ಸರೋವರದೊಳಗೆ ಅಡಗಿ ಕೂತವನನ್ನು ಮೇಲೆ ತಂದದ್ದು ಗದೆ ಅಲ್ಲ, ಭೀಮನ ಬೈಗುಳ. ತಣ್ಣೀರಿನೊಳಗೂ ಮೈ ಬೆವರೋ ಹಾಗೆ ತಾಗಿತು ಅದು.

ಮಾತು ತಾಗೋದಕ್ಕೆ ಆಡುಮಾತಿನಲ್ಲಿ ಎಷ್ಟು ಕ್ರಿಯಾಪದ ಇವೆ ಅಂತ ಒಂದ್ಸಲ ಕೂತು ಎಣಿಸಿದೆ. ತಾಗ್ತು, ನಾಟ್ತು, ಚುಚ್ತು, ಕೊರೀತು, ಇರೀತು, ಕರುಳಿಗೆ ಬಂತು. ಎಲ್ಲವೂ ಆಯುಧದ ಕೆಲಸಗಳು. ಈಗ ಕ್ಯಾಂಪಸ್ಸಿನಲ್ಲಿ ನಾವು ‘ಹರ್ಟ್ ಆಯ್ತು’, ‘ಫೀಲ್ ಆದ’ ಅಂತೀವಿ. “ಫೀಲ್ ಆಗ್ಬೇಡ ಮಗಾ” ಅಂದುಬಿಟ್ಟರೆ ಮುಗೀತು, ಹೇಳಿದವನ ತಪ್ಪೂ ಕೇಳಿದವನ ತಲೆಗೆ.

ಈಗ ಆ ಹಳೇ ಬಾಕಿ.

ಫಸ್ಟ್ ಇಯರ್‌ನಲ್ಲಿ ನನ್ನ ರೂಮಿನವನು ಉತ್ತರ ಕರ್ನಾಟಕದ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ಇಂಟರ್ನಲ್ಸ್ ಹಿಂದಿನ ರಾತ್ರಿ ಅರ್ಧ ಕಾರಿಡಾರ್ ಅವನ ಮಂಚದ ಮೇಲೆ ಕೂತಿರುತ್ತಿತ್ತು. ಒಂದು ರಾತ್ರಿ ಕರೆಂಟ್ ಹೋಗಿತ್ತು, ಏನೇನೋ ಮಾತು. ಆಗ ಅವನು ಒಂದು ವಿಷಯ ಹೇಳಿದ. ಸೆಮಿನಾರ್ ಇದ್ದ ದಿನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಂಗ್ಲಿಷ್ ಪದಗಳನ್ನ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಬಾತ್‌ರೂಮಿನಲ್ಲಿ ನಿಂತು ಹೇಳ್ಕೋತಾನಂತೆ. ಎಲ್ಲಾದರೂ ತಪ್ಪಿದರೆ ಅಂತ ಹಿಂದಿನ ರಾತ್ರಿ ನಿದ್ದೆ ಬರಲ್ಲವಂತೆ.

ಒಂದು ವಾರ ಆಗಿತ್ತೋ ಇಲ್ಲವೋ, ಮೆಸ್ಸಿನಲ್ಲಿ ಎಂಟು ಹತ್ತು ಜನ ಕೂತಿದ್ದಾಗ ನಾನು ಅದನ್ನ ಹೇಳಿಬಿಟ್ಟೆ. ಬಾತ್‌ರೂಮಿನ ಭಾಷಣ ಅಂತ ಅಭಿನಯ ಸಮೇತ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕನಲ್ಲ, ಹಾಗಾದರೆ ಪರವಾಗಿಲ್ಲ ಅಂದುಕೊಂಡೆ. ಎರಡು ದಿನ ಬಿಟ್ಟು ಅವನ ಸೆಮಿನಾರ್. ಮೂರನೇ ಸ್ಲೈಡಿನಲ್ಲಿ ಒಂದು ಪದದ ಹತ್ತಿರ ತಡೆದ. ಹಿಂದಿನಿಂದ ಯಾರೋ ಮೆಲ್ಲಗೆ “ಬಾತ್‌ರೂಮ್” ಅಂದರು. ಅವನು ಪೆನ್‌ಡ್ರೈವ್ ಕಿತ್ಕೊಂಡು ಕೆಳಗೆ ಬಂದು ಕೂತ.

ರಾತ್ರಿ ನಾನು “ಜೋಕ್ ಮಾಡಿದ್ದು ಕಣೋ, ಸೀರಿಯಸ್ ಆಗಿ ತಗೋಬೇಡ” ಅಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ್ದವನು ಹೇಳಿದ್ದು ಒಂದೇ ಮಾತು: “ನಿನಗ ಅಷ್ಟ ಹೇಳಿದ್ನಲೇ, ಎಲ್ಲಾರಿಗೂ ಯಾಕ ಹೇಳ್ದಿ?” ನಾನು ಬಿಡದೆ ಎಬ್ಬಿಸಿ, ಕೂರಿಸಿ, ಅಲ್ಲೇ ಆಗಲೇ ಕ್ಷಮಿಸು ಅಂತ ಹಟ ಹಿಡಿದೆ. ನನ್ನ ಮನಸ್ಸು ಹಗುರ ಆಗಬೇಕಿತ್ತಲ್ಲ. ಅವನು ಹೊದಿಕೆ ತಗೊಂಡು ಬೇರೆ ರೂಮಿಗೆ ಹೋಗಿ ಮಲಗಿದ. ಆಮೇಲೆ ಬಹಳ ದಿನ ಮೆಸ್ಸಿಗೆ ಎಲ್ಲರದ್ದೂ ಊಟ ಮುಗಿದ ಮೇಲೆ ಬರ್ತಿದ್ದ. ವಿಶಲ್ಯಘ್ನದ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ರಾತ್ರಿ.

ಸೆಕ್ಯುರಿಟಿ ಕ್ಲಾಸಿನಲ್ಲಿ ಡಿಸ್‌ಕ್ಲೋಷರ್ ಅಂತ ಒಂದು ಪಾಠ ಬರುತ್ತೆ. ಕಿಂಡಿ ಯಾರಿಗೆ ಸಿಕ್ಕಿತೋ ಅವರು ಮೊದಲು ಆ ಸಾಫ್ಟ್‌ವೇರ್ ಮಾಡಿದವರಿಗೆ ಮಾತ್ರ ಹೇಳ್ತಾರೆ, ಸರಿ ಮಾಡೋಕೆ ಸಮಯ ಕೊಡ್ತಾರೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಸಾಮಾನ್ಯವಾಗಿ 90 ದಿನ ಕೊಡುತ್ತೆ. ಪ್ಯಾಚ್ ಬರೋಕೆ ಮುಂಚೆ ಊರಿಗೆಲ್ಲ ಗೊತ್ತಾದರೆ ಏನಾಗುತ್ತೆ ಅಂತ 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ವಿಷಯದಲ್ಲಿ ಎಲ್ಲರೂ ನೋಡಿದರು. ಸಿವಿಇ-2021-44228, ಹತ್ತಕ್ಕೆ ಹತ್ತು ಅಂಕ. ಆ ಲೈಬ್ರರಿ ಮಾಡೋ ಕೆಲಸ ಬರೀ ಲಾಗ್ ಬರೆಯೋದು, ಆದರೆ ಲೋಕದ ಅರ್ಧ ಸರ್ವರ್‌ಗಳಲ್ಲಿ ಅದು ಕೂತಿತ್ತು ಅನ್ನಿ. ಈ ಪಾಠ ಕೇಳ್ತಾ ನಾನು ನೋಟ್ಸ್ ಬರೀಲಿಲ್ಲ. ಮಷೀನಿನ ವಿಷಯದಲ್ಲಿ ಇಷ್ಟು ಮರ್ಯಾದೆ ಇದೆಯಲ್ಲ ಅಂತ ಯೋಚಿಸ್ತಾ ಕೂತಿದ್ದೆ.

ಆ ಟ್ರೇನರ್ ಮೇಡಂ ಹೇಳಿದ್ದು ತಪ್ಪಲ್ಲ, ಅರ್ಧ ಹೇಳಿದರು. ‘ವಲ್ನರಬಲ್ ಆಗಿ’ ಅನ್ನೋದನ್ನ ನಾನು ಈಗ ಕನ್ನಡದಲ್ಲಿ ಹೀಗೆ ಹೇಳ್ತೀನಿ: ‘ಮರ್ಮ ತೋರಿಸಿ’. ಹಾಗಂದ ತಕ್ಷಣ ಕನ್ನಡದವರು ಯಾರೇ ಆದರೂ ಮುಂದಿನ ಪ್ರಶ್ನೆ ಕೇಳ್ತಾರೆ: ಯಾರಿಗೆ? ಇಂಗ್ಲಿಷ್ ಪದ ಆ ಪ್ರಶ್ನೆ ಹುಟ್ಟಿಸಲ್ಲ. ತೋರಿಸೋನ ಧೈರ್ಯದ ಬಗ್ಗೆ ಎಷ್ಟೋ ಭಾಷಣ ಇವೆ, ನೋಡೋನ ಬಾಯಿಯ ಬಗ್ಗೆ ಯಾರೂ ಮೂರು ದಿನದ ಟ್ರೇನಿಂಗ್ ಇಡಲ್ಲ.

ಅವನೂ ನಾನೂ ಈಗ ಮಾತಾಡ್ತೀವಿ. ಹೇಗೆ ಸರಿಹೋಯಿತು ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ಮೂರನೇ ಸೆಮಿಸ್ಟರ್‌ನಲ್ಲಿ ಒಂದು ದಿನ ತಾನಾಗಿ ಬಂದು ನನ್ನ ತಟ್ಟೆಯಿಂದ ಹಪ್ಪಳ ಎತ್ಕೊಂಡ, ಅಷ್ಟೆ. ಈ ಬರಹವನ್ನ ಸಂಪಾದಕರಿಗೆ ಕೊಡೋಕೆ ಮುಂಚೆ ಅವನಿಗೆ ಕಳಿಸಿದ್ದೆ, ಬೇಡ ಅಂದರೆ ಹಾಕಲ್ಲ ಅಂತ. ನಾಲ್ಕು ದಿನ ಉತ್ತರ ಇರಲಿಲ್ಲ. ಐದನೇ ದಿನ ಫೈಲ್ ವಾಪಸ್ ಬಂತು. ಎರಡು ಸಾಲು ಹೊಡೆದು ಹಾಕಿದ್ದ, ಅವು ಇಲ್ಲಿಲ್ಲ. ಸುಶ್ರುತನ ಲೆಕ್ಕದ ಪಕ್ಕ ‘19+33+44+8+3, ಸರಿ ಐತಿ’ ಅಂತ ಬರೆದಿದ್ದ. ಕೆಳಗೆ ಒಂದು ಸಾಲು: “ಮರ್ಮ ಗಿರ್ಮ ಯಾಕ? ನಮ್ಮ ಮನ್ಯಾಗ ಅದಕ್ಕ ಒಳಗಿನ ಮಾತು ಅಂತಾರ.”